ಸೀಸದ ಸಿಪಾಯಿಗಳ ಸೇನಾಪತಿ

ಯುದ್ಧವನ್ನು ಆಟವಾಗಿ ಮಾರ್ಪಡಿಸಿ ಆಡುವ ರೂಢಿ ಬಹು ಪ್ರಾಚೀನವಾದುದು. ರಥ, ಗಜ, ತುರಗ, ಪದಾತಿಗಳೆಂಬ ಸೇನೆಯ ನಾಲ್ಕು ಅಂಗಗಳನ್ನು ಮಣೆಯ ಮೇಲೆ ನಿಲ್ಲಿಸಿ ಆಡುವ ಚದುರಂಗವು ಭಾರತದಲ್ಲಿ ಹುಟ್ಟಿ, ಪರ್ಷಿಯಾ ಮತ್ತು ಅರಬ್ ದೇಶಗಳ ಮಾರ್ಗವಾಗಿ ಯೂರೋಪನ್ನು ಸೇರಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ರಷ್ಯಾ ದೇಶದ ಸೇನಾಧಿಕಾರಿಗಳು ಚದುರಂಗದ ಮನೆಗಳನ್ನು ಬಿಟ್ಟು, ಭೂಪಟದ ಮೇಲೆಯೇ ಕಾಯಿಗಳನ್ನು ನಡೆಸುವ ಒಂದು ಯುದ್ಧಕ್ರೀಡೆಯನ್ನು ರೂಪಿಸಿದರು. 1824ರ ಸುಮಾರಿಗೆ ಅದು ಅಲ್ಲಿಯ ಸೇನೆಯ ಶಿಕ್ಷಣದಲ್ಲಿ ಸೇರಿಹೋಯಿತು. ಇದು ಅಧಿಕಾರಿಗಳ ಆಟವಾಗಿತ್ತು. ಅದರ ಗುರಿ ನಿಜವಾದ ಯುದ್ಧಕ್ಕೆ ಸಿದ್ಧತೆಯಾಗಿತ್ತು. ಬಣ್ಣ ಬಳಿದ ಪುಟ್ಟ ಸಿಪಾಯಿ ಬೊಂಬೆಗಳನ್ನು ನೆಲದ ಮೇಲೆ ಹರಡಿ, ಮಕ್ಕಳೂ ದೊಡ್ಡವರೂ ಕೂಡಿ ಆಡಬಹುದಾದ ಯುದ್ಧದ ಆಟವನ್ನು ಲೋಕಕ್ಕೆ ಪರಿಚಯಿಸಿದವರು ಒಬ್ಬ ಸಾಹಿತಿ. ಅವರ ಗುರಿ ಯುದ್ಧದ ಸಿದ್ಧತೆಯಾಗಿರಲಿಲ್ಲ. ಯುದ್ಧದ ಹುಚ್ಚನ್ನು ಬಿಡಿಸುವುದಾಗಿತ್ತು. ಆ ಸಾಹಿತಿಯೇ ಇಂಗ್ಲೆಂಡಿನ ಪ್ರಸಿದ್ಧ ಕಾದಂಬರಿಕಾರ ಹರ್ಬರ್ಟ್ ಜಾರ್ಜ್ ವೆಲ್ಸ್.

ವೆಲ್ಸ್ 1866ನೆಯ ಇಸವಿ ಸೆಪ್ಟೆಂಬರ್ 21ರಂದು ಕೆಂಟ್ ಪ್ರಾಂತದ ಬ್ರಾಮ್ಲಿ ಎಂಬ ಊರಿನಲ್ಲಿ ಜನಿಸಿದರು. ತಂದೆ ಜೋಸೆಫ್ ವೆಲ್ಸ್ ಮೊದಲು ತೋಟಗಾರರಾಗಿದ್ದು, ಅನಂತರ ಪಿಂಗಾಣಿ ಪಾತ್ರೆಗಳನ್ನೂ ಕ್ರಿಕೆಟ್ ಸಾಮಾನುಗಳನ್ನೂ ಮಾರುವ ಒಂದು ಸಣ್ಣ ಅಂಗಡಿಯನ್ನು ಇಟ್ಟುಕೊಂಡಿದ್ದರು. ಅವರು ಸ್ವತಃ ಒಳ್ಳೆಯ ಕ್ರಿಕೆಟ್ ಆಟಗಾರರು. 1862ರಲ್ಲಿ ಕೆಂಟ್ ತಂಡದ ಪರವಾಗಿ ಸಸೆಕ್ಸ್ ತಂಡದ ವಿರುದ್ಧ ಆಡುವಾಗ ಒಂದರ ಹಿಂದೊಂದಾಗಿ ನಾಲ್ಕು ಎಸೆತಗಳಲ್ಲಿ ನಾಲ್ವರನ್ನು ಔಟ್ ಮಾಡಿ ಹೆಸರು ಗಳಿಸಿದ್ದರು. ತಾಯಿ ಸಾರಾ ಮದುವೆಗೆ ಮುಂಚೆ ಶ್ರೀಮಂತರ ಮನೆಯಲ್ಲಿ ಪರಿಚಾರಿಕೆಯಾಗಿದ್ದವರು. ಅಂಗಡಿಯ ವ್ಯಾಪಾರ ಎಂದೂ ಕೈಹಿಡಿಯಲಿಲ್ಲ. ಕ್ರಿಕೆಟ್ಟಿನಿಂದ ಬರುತ್ತಿದ್ದ ಅಷ್ಟಿಷ್ಟು ಹಣದಿಂದಲೇ ಸಂಸಾರ ಸಾಗಬೇಕಾಗಿತ್ತು. ಮನೆಯಲ್ಲಿ ಎಲ್ಲರೂ ಬರ್ಟಿ ಎಂದು ಕರೆಯುತ್ತಿದ್ದ ಈ ಕಿರಿಯ ಮಗ ಬಡತನವನ್ನು ಹತ್ತಿರದಿಂದ ನೋಡಿಕೊಂಡೇ ಬೆಳೆದನು.

1874ರಲ್ಲಿ, ಬರ್ಟಿಗೆ ಇನ್ನೂ ಎಂಟು ತುಂಬುವ ಮೊದಲೇ, ಒಂದು ಅಪಘಾತದಲ್ಲಿ ಅವನ ಕಾಲಿನ ಮೂಳೆ ಮುರಿಯಿತು. ಹಲವು ವಾರಗಳ ಕಾಲ ಹಾಸಿಗೆಯಲ್ಲೇ ಮಲಗಿರಬೇಕಾಯಿತು. ತಂದೆ ಗ್ರಂಥಾಲಯದಿಂದ ಪುಸ್ತಕಗಳನ್ನು ತಂದುಕೊಟ್ಟರು. ದೂರದ ದೇಶಗಳು, ಕಾಡುಮೃಗಗಳು, ಸಮುದ್ರಯಾನ, ಯುದ್ಧಗಳು, ಇವೆಲ್ಲವೂ ಹಾಸಿಗೆಯ ಪಕ್ಕಕ್ಕೇ ಬಂದು ನಿಂತವು. ಮುರಿದ ಕಾಲು ಕೂಡಿಕೊಂಡಿತು. ಹತ್ತಿದ ಓದಿನ ರುಚಿ ಮಾತ್ರ ಜೀವನದ ಕೊನೆಯವರೆಗೂ ಉಳಿಯಿತು.

ಆ ವಯಸ್ಸಿನಲ್ಲಿ ಬರ್ಟಿಗೆ ಇನ್ನೊಂದು ಗುಪ್ತ ಹವ್ಯಾಸವಿತ್ತು. ಊರ ಹೊರಗಿನ ಮಾರ್ಟಿನ್ ಗುಡ್ಡದ ಬಯಲಿನಲ್ಲಿ ಒಬ್ಬನೇ ನಡೆದಾಡುತ್ತ ಅವನು ಮನಸ್ಸಿನಲ್ಲೇ ಮಹಾಯುದ್ಧಗಳನ್ನು ಹೂಡುತ್ತಿದ್ದನು. ಅವನ ಕಣ್ಣಿಗೆ ಆ ಬೇಲಿಗಳು ಕೋಟೆಗೋಡೆಗಳಾಗುತ್ತಿದ್ದವು. ಆ ಹಳ್ಳ ಶತ್ರುವನ್ನು ತಡೆಯುವ ಹೊಳೆಯಾಗುತ್ತಿತ್ತು. ಅದೃಶ್ಯರಾದ ದಳಪತಿಗಳು ಅವನ ಅಪ್ಪಣೆಗಾಗಿ ಕಾದಿರುತ್ತಿದ್ದರು. ದಾರಿಯಲ್ಲಿ ಎದುರಾದ ಜನರಿಗೆ ಕಾಣುತ್ತಿದ್ದವನು ಹಳೆಯ ಉಡುಪಿನ, ಬಡಕಲು ಮೈಯ ಒಬ್ಬ ಹುಡುಗ ಮಾತ್ರ. ಅವನ ತಲೆಯೊಳಗೆ ಸಾವಿರಾರು ಸೈನಿಕರು ಕಾದಾಡುತ್ತಿರುವರೆಂಬುದು ಯಾರಿಗೂ ತಿಳಿಯುತ್ತಿರಲಿಲ್ಲ. ಹದಿಮೂರನೆಯ ವಯಸ್ಸಿನವರೆಗೂ ಈ ಕಲ್ಪನೆಯ ಯುದ್ಧಗಳು ನಡೆದವು. ಮುಂದೆ ಮುದಿತನದ ಹೊಸ್ತಿಲಲ್ಲಿ ಆತ್ಮಕಥೆಯನ್ನು ಬರೆಯುವಾಗ ವೆಲ್ಸರು ಈ ಬಾಲ್ಯದ ಹುಚ್ಚನ್ನು ಮರೆಮಾಚದೆ ಬಿಚ್ಚಿಟ್ಟರು.

1877ರಲ್ಲಿ ತಂದೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಕ್ರಿಕೆಟ್ ನಿಂತಿತು, ಅದರೊಡನೆ ಆದಾಯವೂ ನಿಂತಿತು. 1880ರಲ್ಲಿ ತಾಯಿ ಅಪ್ಪಾರ್ಕ್ ಎಂಬಲ್ಲಿದ್ದ ಶ್ರೀಮಂತರ ಮಹಲಿನಲ್ಲಿ ಮೇಲ್ವಿಚಾರಕಿಯಾಗಿ ಕೆಲಸಕ್ಕೆ ಸೇರಿದರು. ಮಗನನ್ನು ಕಸುಬು ಕಲಿಯಲೆಂದು ಜವಳಿ ಅಂಗಡಿಗೆ ಸೇರಿಸಲಾಯಿತು. ಸೌತ್‌ಸೀ ಪಟ್ಟಣದ ಆ ದೊಡ್ಡ ಅಂಗಡಿಯಲ್ಲಿ ದಿನಕ್ಕೆ ಹದಿಮೂರು ಗಂಟೆಗಳ ದುಡಿಮೆ. ರಾತ್ರಿ ಇತರ ಹುಡುಗರೊಡನೆ ಒಂದೇ ಕೊಠಡಿಯಲ್ಲಿ ಮಲಗುವುದು. ಬಟ್ಟೆಯ ಸುರುಳಿಗಳನ್ನು ಬಿಚ್ಚುತ್ತ, ಮತ್ತೆ ಸುತ್ತುತ್ತ ಎರಡು ವರ್ಷಗಳು ಕಳೆದವು. ಈ ಬಾಳು ತನಗೆ ಒಗ್ಗದೆಂದು ಖಚಿತವಾದ ಮೇಲೆ, ಒಂದು ಭಾನುವಾರ ವೆಲ್ಸ್ ಸುಮಾರು ಹದಿನೇಳು ಮೈಲಿ ದೂರವನ್ನು ಕಾಲ್ನಡಿಗೆಯಲ್ಲೇ ಕ್ರಮಿಸಿ ತಾಯಿಯಿದ್ದ ಮಹಲನ್ನು ಸೇರಿದನು. ತನಗೆ ಓದಲು ಅವಕಾಶ ಬೇಕೆಂದು ತಾಯಿಯನ್ನು ಅಂಗಲಾಚಿದನು. ಮಗನ ಹಟಕ್ಕೆ ತಾಯಿ ಕೊನೆಗೆ ಮಣಿಯಬೇಕಾಯಿತು.

1883ರಲ್ಲಿ ಮಿಡ್‌ಹರ್ಸ್ಟ್ ಎಂಬ ಊರಿನ ಶಾಲೆಯಲ್ಲಿ ವೆಲ್ಸ್ ತಾನೂ ಕಲಿಯುತ್ತ, ಚಿಕ್ಕವರಿಗೂ ಕಲಿಸುವ ಕೆಲಸಕ್ಕೆ ಸೇರಿದನು. ಮರುವರ್ಷವೇ ವಿದ್ಯಾರ್ಥಿವೇತನ ಪಡೆದು ಲಂಡನ್ನಿನ ಸೌತ್ ಕೆನ್ಸಿಂಗ್ಟನ್ನಿನಲ್ಲಿದ್ದ ವಿಜ್ಞಾನ ಶಾಲೆಯನ್ನು ಪ್ರವೇಶಿಸಿದನು. ಅಲ್ಲಿ ಜೀವವಿಜ್ಞಾನವನ್ನು ಬೋಧಿಸಿದವರು, ಡಾರ್ವಿನ್ನರ ವಿಕಾಸವಾದವನ್ನು ಎತ್ತಿಹಿಡಿದ ಮಹಾವಿಜ್ಞಾನಿ ಥಾಮಸ್ ಹೆನ್ರಿ ಹಕ್ಸ್ಲಿ. ಆ ಒಂದು ವರ್ಷದ ಪಾಠ ವೆಲ್ಸರ ಚಿಂತನೆಗೆ ದಿಕ್ಕು ತೋರಿಸಿತು. ಅನಂತರ ಅವರು ಕೆಲವು ಕಾಲ ಉಪಾಧ್ಯಾಯರಾಗಿ ದುಡಿದರು. 1887ರಲ್ಲಿ ವೇಲ್ಸ್ ಪ್ರಾಂತದ ಒಂದು ಶಾಲೆಯಲ್ಲಿದ್ದಾಗ ಕಾಲ್ಚೆಂಡಿನ ಆಟದಲ್ಲಿ ಮೂತ್ರಪಿಂಡಕ್ಕೆ ಬಲವಾದ ಪೆಟ್ಟು ಬಿದ್ದು ಅವರ ಆರೋಗ್ಯ ಕೆಟ್ಟಿತು. ಆದರೂ ಓದನ್ನು ಬಿಡದೆ 1890ರಲ್ಲಿ ಲಂಡನ್ ವಿಶ್ವವಿದ್ಯಾನಿಲಯದಿಂದ ಪದವಿಯನ್ನು ಪಡೆದರು. 1893ರಲ್ಲಿ ಕಾಯಿಲೆ ಮರುಕಳಿಸಿ ರಕ್ತ ಕಾರುವಂತಾದಾಗ ಪಾಠ ಹೇಳುವುದನ್ನು ಬಿಟ್ಟು, ಬರವಣಿಗೆಯನ್ನೇ ಜೀವನೋಪಾಯವನ್ನಾಗಿ ಆರಿಸಿಕೊಂಡರು.

1895ರಲ್ಲಿ ಪ್ರಕಟವಾದ 'ದಿ ಟೈಮ್ ಮೆಷಿನ್' ಎಂಬ ಕಾದಂಬರಿಯು ಅವರಿಗೆ ಕೀರ್ತಿಯನ್ನು ತಂದಿತು. ಕಾಲದಲ್ಲಿ ಹಿಂದಕ್ಕೂ ಮುಂದಕ್ಕೂ ಪಯಣಿಸುವ ಯಂತ್ರದ ಕಥೆ ಅದು. 1897ರಲ್ಲಿ ಅದೃಶ್ಯ ಮಾನವನ ಕಥೆಯೂ, 1898ರಲ್ಲಿ ಮಂಗಳಗ್ರಹದ ಜೀವಿಗಳು ಭೂಮಿಯ ಮೇಲೆ ದಾಳಿ ಮಾಡುವ 'ದಿ ವಾರ್ ಆಫ್ ದಿ ವರ್ಲ್ಡ್ಸ್' ಕಾದಂಬರಿಯೂ ಹೊರಬಂದವು. 1903ರಲ್ಲಿ ಬರೆದ ಒಂದು ಸಣ್ಣಕಥೆಯಲ್ಲಿ, ಉಕ್ಕಿನ ಕವಚವನ್ನು ತೊಟ್ಟು ಕಂದಕಗಳನ್ನು ದಾಟಿ ಬರುವ ಯುದ್ಧವಾಹನಗಳನ್ನು ಅವರು ಚಿತ್ರಿಸಿದರು. ಹದಿಮೂರು ವರ್ಷಗಳ ನಂತರ, 1916ರ ಸೆಪ್ಟೆಂಬರಿನಲ್ಲಿ, ಫ್ರಾನ್ಸಿನ ರಣರಂಗದಲ್ಲಿ ಟ್ಯಾಂಕುಗಳು ಮೊಟ್ಟಮೊದಲ ಬಾರಿಗೆ ಇಳಿದವು. 1908ರ ಕಾದಂಬರಿಯೊಂದರಲ್ಲಿ ಆಕಾಶದಿಂದ ನಗರಗಳ ಮೇಲೆ ಬಾಂಬುಗಳು ಬೀಳುವುದನ್ನು ಅವರು ವರ್ಣಿಸಿದ್ದರು. ವಿಜ್ಞಾನದ ಶಕ್ತಿ ಬೆಳೆದಷ್ಟೂ ಮುಂದಿನ ಯುದ್ಧಗಳು ಘೋರವಾಗುವುವೆಂಬ ಭಯ ಅವರ ಬರಹಗಳಲ್ಲೆಲ್ಲ ಎದ್ದು ಕಾಣುತ್ತದೆ.

ಬರವಣಿಗೆಯಿಂದ ಬಂದ ಹಣದಲ್ಲಿ ವೆಲ್ಸರು ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಸ್ಯಾಂಡ್‌ಗೇಟ್ ಎಂಬಲ್ಲಿ ಒಂದು ಮನೆಯನ್ನು ಕಟ್ಟಿಸಿದರು. ಅಲ್ಲಿ ನೆಲೆಸಿದ ಮೇಲೆ 1901ರಲ್ಲಿ ಹಿರಿಯ ಮಗ ಜಾರ್ಜ್ ಫಿಲಿಪ್, 1903ರಲ್ಲಿ ಕಿರಿಯ ಮಗ ಫ್ರ್ಯಾಂಕ್ ಹುಟ್ಟಿದರು. ಮಕ್ಕಳು ಬೆಳೆದಂತೆ ತಂದೆಯೂ ಅವರೊಡನೆ ನೆಲದ ಮೇಲೆ ಕುಳಿತು ಆಡತೊಡಗಿದರು. ಮರದ ಇಟ್ಟಿಗೆಗಳು, ಹಲಗೆಗಳು, ಆಟದ ರೈಲುಗಳು, ಬೊಂಬೆಗಳು, ಇವುಗಳಿಂದ ದ್ವೀಪಗಳೂ ನಗರಗಳೂ ಮೇಲೆದ್ದವು. ಈ ಆಟಗಳನ್ನು ವಿವರಿಸುವ 'ಫ್ಲೋರ್ ಗೇಮ್ಸ್' ಎಂಬ ಪುಸ್ತಕವನ್ನು ಅವರು 1911ರಲ್ಲಿ ಪ್ರಕಟಿಸಿದರು. ಅಂಗಡಿಗಳಲ್ಲಿ ಸಿಪಾಯಿ ಬೊಂಬೆಗಳು ಬೇಕಾದಷ್ಟು ಸಿಗುತ್ತವೆ. ಆದರೆ ಊರನ್ನು ಕಟ್ಟಿ ಆಡಲು ಬೇಕಾದ ಸಾಮಾನ್ಯ ಜನರ ಬೊಂಬೆಗಳು ಸಿಗುವುದೇ ದುರ್ಲಭ ಎಂದು ಅದರಲ್ಲಿ ಅವರು ಆಟಿಕೆ ತಯಾರಕರನ್ನು ಆಕ್ಷೇಪಿಸಿದ್ದಾರೆ. ಈ ಆಕ್ಷೇಪಣೆ ಹಾಸ್ಯದಂತೆ ತೋರಿದರೂ ಅದರಲ್ಲಿ ಆ ಕಾಲದ ಮನೋಧರ್ಮದ ಟೀಕೆಯಿದೆ.

ಸಿಪಾಯಿ ಬೊಂಬೆಗಳು ಅಷ್ಟು ಧಾರಾಳವಾಗಿ ಸಿಗಲು ಒಂದು ಕಾರಣವಿತ್ತು. ಮೊದಲು ಇಂತಹ ಬೊಂಬೆಗಳು ಹೆಚ್ಚಾಗಿ ಜರ್ಮನಿಯಿಂದ ಬರುತ್ತಿದ್ದವು. ಅವು ತೆಳ್ಳಗಿನ ತಗಡಿನಂತೆ ಚಪ್ಪಟೆಯಾಗಿರುತ್ತಿದ್ದವು, ಇಲ್ಲವೇ ಗಟ್ಟಿ ಲೋಹದವಾಗಿ ತೂಕವೂ ಬೆಲೆಯೂ ಹೆಚ್ಚಾಗಿರುತ್ತಿದ್ದವು. 1893ರಲ್ಲಿ ಲಂಡನ್ನಿನ ವಿಲಿಯಂ ಬ್ರಿಟನ್ ಮನೆತನದವರು ಟೊಳ್ಳು ಎರಕದ ವಿಧಾನವನ್ನು ಕಂಡುಹಿಡಿದರು. ಕರಗಿದ ಸೀಸದ ಮಿಶ್ರಲೋಹವನ್ನು ಅಚ್ಚಿಗೆ ಹೊಯ್ದು, ಅಚ್ಚಿನ ಗೋಡೆಗೆ ಅಂಟಿದ ಲೋಹ ಗಟ್ಟಿಯಾದೊಡನೆಯೇ ನಡುವಿನ ದ್ರವವನ್ನು ಹೊರಕ್ಕೆ ಚೆಲ್ಲಿಬಿಡುತ್ತಿದ್ದರು. ಆಗ ಒಳಗೆ ಟೊಳ್ಳಾದ, ಹಗುರವಾದ ಸಿಪಾಯಿ ಸಿದ್ಧವಾಗುತ್ತಿದ್ದನು. ಅವನ ಎತ್ತರ ಸುಮಾರು 54 ಮಿಲಿಮೀಟರು. ಲೋಹ ಉಳಿದುದರಿಂದ ಬೆಲೆಯೂ ಇಳಿಯಿತು.

ಎರಕದಿಂದ ಹೊರಬಂದ ಬೊಂಬೆ ಬರಿಯ ಬೂದುಬಣ್ಣದ ಲೋಹ. ಅದಕ್ಕೆ ಜೀವ ತುಂಬುತ್ತಿದ್ದುದು ಬಣ್ಣ. ಹೆಣ್ಣುಮಕ್ಕಳು ಸಾಲಾಗಿ ಕುಳಿತು ಸಣ್ಣ ಕುಂಚಗಳಿಂದ ಒಂದೊಂದು ಬೊಂಬೆಗೂ ಕೈಯಿಂದಲೇ ಬಣ್ಣ ಹಚ್ಚುತ್ತಿದ್ದರು. ಯಾವ ದಳದವನ ಅಂಗಿ ಕೆಂಪು, ಯಾವ ದಳದವನದು ನೀಲಿ, ಕಾಲರಿನ ಬಣ್ಣ ಯಾವುದು, ಟೋಪಿಯ ಆಕಾರ ಯಾವುದು ಎಂಬುದನ್ನೆಲ್ಲ ನಿಜವಾದ ಸಮವಸ್ತ್ರಗಳಿಗೆ ಹೋಲಿಸಿ ನಿರ್ಧರಿಸಲಾಗುತ್ತಿತ್ತು. ಹೀಗೆ ಸಿದ್ಧವಾದ ಸಿಪಾಯಿಗಳು ಪೆಟ್ಟಿಗೆಗಳಲ್ಲಿ ಮನೆಮನೆಯನ್ನು ಸೇರಿದರು. ವೆಲ್ಸರ ಮನೆಯನ್ನೂ ಸೇರಿದರು.

ಒಂದು ದಿನ ಸ್ಯಾಂಡ್‌ಗೇಟಿನ ಮನೆಗೆ ಲೇಖಕ ಮಿತ್ರರೊಬ್ಬರು ಊಟಕ್ಕೆ ಬಂದಿದ್ದರು. ವೆಲ್ಸರು ಅವರ ಹೆಸರನ್ನು ಹೇಳದೆ ಮೊದಲಕ್ಷರಗಳನ್ನಷ್ಟೇ ಸೂಚಿಸಿದ್ದಾರೆ. ಅವರು ಹಾಸ್ಯಸಾಹಿತಿ ಜೆರೋಮ್ ಕೆ. ಜೆರೋಮ್ ಎಂದು ಓದುಗರು ಗುರುತಿಸಿದ್ದಾರೆ. ಊಟದ ಮೇಜಿನ ಹತ್ತಿರವೇ ಇನ್ನೊಂದು ಮೇಜಿನ ಮೇಲೆ ಮಕ್ಕಳ ನಾಲ್ಕಾರು ಸಿಪಾಯಿಗಳೂ ಒಂದು ಪುಟ್ಟ ಫಿರಂಗಿಯೂ ಇದ್ದವು. ಆ ಫಿರಂಗಿಯೊಳಗೆ ಸ್ಪ್ರಿಂಗ್ ಇತ್ತು. ಅದು ಸಣ್ಣ ಮರದ ಗುಂಡನ್ನು ಚಿಮ್ಮಿಸಿ, ಒಂಬತ್ತು ಗಜ ದೂರದಲ್ಲಿ ನಿಂತ ಬೊಂಬೆಯನ್ನೂ ಉರುಳಿಸಬಲ್ಲುದಾಗಿತ್ತು. ಊಟ ಮುಗಿದು ಕಾಫಿ ಬರುವಷ್ಟರಲ್ಲಿ ಆ ಮಿತ್ರರು ಕುರ್ಚಿಯನ್ನು ಅತ್ತ ಎಳೆದುಕೊಂಡು, ಫಿರಂಗಿಗೆ ಗುಂಡು ತುಂಬಿ, ಗುರಿಯಿಟ್ಟು ಒಬ್ಬ ಸಿಪಾಯಿಯನ್ನು ಕೆಡವಿದರು. ಕೆಡವಿದುದಲ್ಲದೆ ತಮ್ಮ ಗುರಿಯ ಬಗೆಗೆ ಜಂಬ ಕೊಚ್ಚಿಕೊಂಡು, ಉಳಿದವರಿಗೆ ಸವಾಲನ್ನೂ ಹಾಕಿದರು. ಅಂದು ಊರಿಗೆಲ್ಲ ಪರಿಚಿತರಾದ ದೊಡ್ಡವರು ಮಕ್ಕಳಂತೆ ಕುಳಿತು ಬೊಂಬೆಗಳಿಗೆ ಗುರಿಯಿಟ್ಟರು. ಆಟದ ಬೀಜ ಹೀಗೆ ಬಿದ್ದಿತು.

ಕೇವಲ ಗುರಿಯಿಟ್ಟು ಹೊಡೆಯುವುದರಿಂದ ವೆಲ್ಸರಿಗೆ ತೃಪ್ತಿಯಾಗಲಿಲ್ಲ. ಸೇನೆ ಎಂದ ಮೇಲೆ ಅದು ಚಲಿಸಬೇಕು. ಚಲಿಸಲು ಒಂದು ನಾಡು ಬೇಕು. ಮೊದಲು ವಿಶ್ವಕೋಶದ ದಪ್ಪ ಸಂಪುಟಗಳನ್ನೇ ಜಮಖಾನೆಯ ಮೇಲೆ ಹರಡಿ ಗುಡ್ಡಗಳನ್ನು ಮಾಡಿದರು. ಆಮೇಲೆ ಮರದ ಹಲಗೆಗಳಿಂದ ಬೆಟ್ಟಗಳು, ರಟ್ಟಿನಿಂದ ಮನೆಗಳು, ತೋಟದಿಂದ ತಂದ ಸಣ್ಣ ರೆಂಬೆಗಳಿಂದ ಕಾಡುಗಳು ಸಿದ್ಧವಾದವು. ಎರಡು ಪಕ್ಷದವರೂ ತಮ್ಮ ಸೇನೆಯನ್ನು ನಿಲ್ಲಿಸುವಾಗ ಒಬ್ಬರಿಗೊಬ್ಬರು ಕಾಣದಂತೆ ನಡುವೆ ಪರದೆಯನ್ನು ಇಳಿಬಿಡಲಾಗುತ್ತಿತ್ತು. ಪರದೆ ಸರಿದೊಡನೆ ಯುದ್ಧ ಆರಂಭ.

ನಿಯಮಗಳು ಒಂದೊಂದಾಗಿ ಅನುಭವದಿಂದ ಮೂಡಿದವು. ಪದಾತಿ ಒಂದು ಸರದಿಯಲ್ಲಿ ಒಂದು ಅಡಿ, ಕುದುರೆ ಸವಾರ ಎರಡು ಅಡಿ ನಡೆಯಬಹುದು. ದೂರವನ್ನು ದಾರದಿಂದ ಅಳೆಯಬೇಕು. ಫಿರಂಗಿಯ ಆರು ಅಂಗುಲದೊಳಗೆ ಕಡಿಮೆಯೆಂದರೆ ನಾಲ್ವರು ಸಿಪಾಯಿಗಳಿಲ್ಲದಿದ್ದರೆ ಅದನ್ನು ಹಾರಿಸುವಂತಿಲ್ಲ. ಒಂದು ಸರದಿಯಲ್ಲಿ ಒಂದು ಫಿರಂಗಿ ನಾಲ್ಕು ಗುಂಡುಗಳನ್ನು ಮಾತ್ರ ಹಾರಿಸಬಹುದು. ಎರಡು ಪಕ್ಷದ ಸಿಪಾಯಿಗಳು ಕೈಕೈ ಮಿಲಾಯಿಸಿದಾಗ ಯಾರು ಸತ್ತರೆಂಬುದನ್ನು ಮೊದಮೊದಲು ನಾಣ್ಯ ಚಿಮ್ಮಿ ನಿರ್ಣಯಿಸುತ್ತಿದ್ದರು. ಇದು ಅದೃಷ್ಟದ ಮಾತಾಯಿತೆಂದು ಆಮೇಲೆ ಅದನ್ನು ಕೈಬಿಟ್ಟು, ಸಮಬಲದವರು ಒಬ್ಬನಿಗೊಬ್ಬನಂತೆ ಮಡಿಯಬೇಕೆಂದೂ, ಬೆಂಬಲವಿಲ್ಲದ ಸಣ್ಣ ತಂಡವು ದೊಡ್ಡ ತಂಡಕ್ಕೆ ಸೆರೆಯಾಗಬೇಕೆಂದೂ ಗೊತ್ತುಮಾಡಿದರು. ದಕ್ಷಿಣ ಆಫ್ರಿಕದ ಯುದ್ಧದಲ್ಲಿ ಹೋರಾಡಿ ಬಂದಿದ್ದ ಒಬ್ಬ ಸೇನಾಧಿಕಾರಿಯೂ ಈ ಚರ್ಚೆಗಳಲ್ಲಿ ಪಾಲುಗೊಂಡರು. ಪ್ರತಿಯೊಂದು ಸರದಿಗೂ ಕಾಲದ ಮಿತಿಯಿತ್ತು. ಗಡಿಯಾರ ಓಡುತ್ತಿರುವಾಗ ಅವಸರದಲ್ಲಿ ಆಟಗಾರನು ತಪ್ಪುಗಳನ್ನು ಮಾಡುತ್ತಿದ್ದನು. ಒಂದು ದಳವನ್ನು ಮರೆತೇಬಿಡುತ್ತಿದ್ದನು. ಇನ್ನೊಂದನ್ನು ಸಾವಿನ ಬಾಯಿಗೆ ನೂಕುತ್ತಿದ್ದನು. ನಿಜವಾದ ದಳಪತಿಗಳೂ ಇಂತಹ ತಪ್ಪುಗಳನ್ನೇ ಮಾಡುವರೆಂಬುದು ಈ ಆಟದಿಂದ ಸ್ಪಷ್ಟವಾಯಿತು.

1913ರಲ್ಲಿ ವೆಲ್ಸರು ಈ ನಿಯಮಗಳನ್ನೆಲ್ಲ ಸೇರಿಸಿ 'ಲಿಟಲ್ ವಾರ್ಸ್', ಅಂದರೆ ಕಿರುಯುದ್ಧಗಳು, ಎಂಬ ಪುಸ್ತಕವನ್ನು ಹೊರತಂದರು. ಹನ್ನೆರಡು ವರ್ಷದ ಹುಡುಗರಿಂದ ಹಿಡಿದು ನೂರೈವತ್ತು ವರ್ಷದವರವರೆಗೆ ಎಲ್ಲರೂ ಈ ಆಟವನ್ನು ಆಡಬಹುದೆಂದು ತಮ್ಮ ಎಂದಿನ ಹಾಸ್ಯದಿಂದ ಅದರಲ್ಲಿ ಸೂಚಿಸಿದರು. ಪುಸ್ತಕದ ತುಂಬ ನಗೆಯಿದೆ. ಕೊನೆಯ ಭಾಗದಲ್ಲಿ ಮಾತ್ರ ದನಿ ಗಂಭೀರವಾಗುತ್ತದೆ. ಈ ಕಿರುಯುದ್ಧದಲ್ಲಿ ಯುದ್ಧದ ರೋಮಾಂಚವೆಲ್ಲ ಇದೆ. ಆದರೆ ಛಿದ್ರವಾದ ದೇಹಗಳಿಲ್ಲ, ಸುಟ್ಟ ಊರುಗಳಿಲ್ಲ ಎಂದು ಅವರು ತೋರಿಸಿಕೊಟ್ಟರು. ಮೂರು ನಾಲ್ಕು ಸಲ ಈ ಆಟವನ್ನು ಆಡಿದವನಿಗೆ ದೊಡ್ಡ ಯುದ್ಧವೆಂಬುದು ಎಂತಹ ಗೊಂದಲದ, ಎಂತಹ ದುಬಾರಿಯಾದ ಮೂರ್ಖತನವೆಂಬುದು ತಾನಾಗಿಯೇ ಅರಿವಾಗುವುದೆಂಬುದು ಅವರ ವಾದ. ಯುದ್ಧದ ಚಪಲವುಳ್ಳ ಅರಸರೂ ಸೇನಾನಾಯಕರೂ ಒಂದು ಕೊಠಡಿಯಲ್ಲಿ ಕುಳಿತು ಬೊಂಬೆಗಳೊಡನೆ ಆಡಿ ತಣಿಯಲಿ, ಲೋಕ ನೆಮ್ಮದಿಯಿಂದಿರಲಿ ಎಂಬುದು ಅವರ ಹಾರೈಕೆಯಾಗಿತ್ತು.

ಲೋಕ ಈ ಹಾರೈಕೆಗೆ ಕಿವಿಗೊಡಲಿಲ್ಲ. ಪುಸ್ತಕ ಪ್ರಕಟವಾದ ಮರುವರ್ಷವೇ, 1914ರ ಬೇಸಗೆಯಲ್ಲಿ, ಮೊದಲನೆಯ ಮಹಾಯುದ್ಧ ಆರಂಭವಾಯಿತು. ಆಗ ಸ್ವತಃ ವೆಲ್ಸರೇ ತಮ್ಮ ಪಾಠವನ್ನು ಮರೆತಂತೆ ನಡೆದುಕೊಂಡರು. ಜರ್ಮನಿಯ ಸೈನಿಕ ದರ್ಪವನ್ನು ಮುರಿದರೆ ಮುಂದೆ ಯುದ್ಧಗಳೇ ಇರಲಾರವೆಂದು ನಂಬಿ, ಇದು ಯುದ್ಧವನ್ನೇ ಕೊನೆಗಾಣಿಸುವ ಯುದ್ಧವೆಂದು ಪತ್ರಿಕೆಗಳಲ್ಲಿ ಬರೆದರು. ಆ ಲೇಖನಗಳು ಅದೇ ವರ್ಷ ಪುಸ್ತಕವಾಗಿ ಬಂದವು. ಆ ಮಾತು ಜನರ ಬಾಯಲ್ಲಿ ನಿಂತಿತು. 1918ರಲ್ಲಿ ಸರ್ಕಾರದ ಪ್ರಚಾರ ಕಾರ್ಯದಲ್ಲಿಯೂ ಕೆಲವು ಕಾಲ ಅವರು ದುಡಿದರು.

ಯುದ್ಧ ಮಾತ್ರ ಅವರ ನಿರೀಕ್ಷೆಯಂತೆ ನಡೆಯಲಿಲ್ಲ. 1916ರ ಜುಲೈ 1ರಂದು, ಸೋಮ್ ನದಿಯ ಕಾಳಗದ ಮೊದಲನೆಯ ದಿನವೇ, 19,000ಕ್ಕೂ ಹೆಚ್ಚು ಬ್ರಿಟಿಷ್ ಸೈನಿಕರು ಮಡಿದರು. ಭಾರತದಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಈ ಯುದ್ಧಕ್ಕಾಗಿ ಕಡಲು ದಾಟಿ ಹೋದರು. ಸುಮಾರು 74,000 ಮಂದಿ ಮರಳಿ ಬರಲಿಲ್ಲ. 1918ರ ಸೆಪ್ಟೆಂಬರ್ 23ರಂದು ಹೈಫಾ ನಗರವನ್ನು ಗೆದ್ದ ಅಶ್ವದಳಗಳಲ್ಲಿ ಮೈಸೂರು ಸಂಸ್ಥಾನದ ದಳವೂ ಇತ್ತು. ಆಟದಲ್ಲಿ ಬಿದ್ದ ಸಿಪಾಯಿ ಸಂಜೆ ಪೆಟ್ಟಿಗೆ ಸೇರಿ ಮರುದಿನ ಮತ್ತೆ ಎದ್ದು ನಿಲ್ಲುತ್ತಾನೆ. ರಣರಂಗದಲ್ಲಿ ಬಿದ್ದವನಿಗೆ ಮರುದಿನವೆಂಬುದಿಲ್ಲ. ಈ ಅಂತರದ ಭಾರವನ್ನು ವೆಲ್ಸರು ಆ ವರ್ಷಗಳಲ್ಲಿ ಅನುಭವಿಸಿದರು. 1916ರಲ್ಲಿಯೇ ಅವರು ಬರೆದ ಒಂದು ಕಾದಂಬರಿಯಲ್ಲಿ, ಯುದ್ಧದಲ್ಲಿ ಮಗನನ್ನು ಕಳೆದುಕೊಂಡ ಒಬ್ಬ ಸಾಹಿತಿಯ ದುಃಖವನ್ನು ಮನಮುಟ್ಟುವಂತೆ ಚಿತ್ರಿಸಿದರು. ಬೊಂಬೆಗಳ ಯುದ್ಧವೂ 1914ರವರೆಗೆ ಮಾತ್ರ ಅವರ ಆಸಕ್ತಿಯನ್ನು ಹಿಡಿದಿಟ್ಟಿತ್ತು.

ಯುದ್ಧಾನಂತರ ಜನರ ಅಭಿರುಚಿಯೂ ಬದಲಾಯಿತು. ತಂದೆಯರನ್ನೂ ಅಣ್ಣಂದಿರನ್ನೂ ಕಳೆದುಕೊಂಡ ಮನೆಗಳಿಗೆ ಸಿಪಾಯಿ ಬೊಂಬೆಗಳು ಹಿಂದಿನಂತೆ ಹಿತವಾಗಲಿಲ್ಲ. 1920ರ ದಶಕದಲ್ಲಿ ಬ್ರಿಟನ್ ಸಂಸ್ಥೆಯವರು ರೈತರು, ಹಸುಗಳು, ಕುರಿಗಳು, ಬೇಸಾಯದ ಬಂಡಿಗಳು ಇರುವ ಹೊಸ ಬೊಂಬೆಗಳನ್ನು ಮಾರುಕಟ್ಟೆಗೆ ತಂದರು. ವೆಲ್ಸರು ಹಿಂದೆ ಬಯಸಿದ್ದ ಸಾಮಾನ್ಯ ಜನ ಹೀಗೆ ತಡವಾಗಿ ಆಟದ ನಾಡಿಗೆ ಬಂದರು.

ವೆಲ್ಸರು ತಮ್ಮ ಉಳಿದ ಆಯುಷ್ಯವನ್ನು ಬಹುಮಟ್ಟಿಗೆ ಒಂದೇ ಗುರಿಗೆ ಮೀಸಲಿಟ್ಟರು. ಜನಾಂಗಗಳು ತಮ್ಮ ತಮ್ಮ ಚರಿತ್ರೆಯನ್ನು ಮಾತ್ರ ಓದಿ ಹೆಮ್ಮೆಪಡುವವರೆಗೆ ಯುದ್ಧ ತಪ್ಪದೆಂದು ಭಾವಿಸಿ, ಇಡೀ ಮಾನವಕುಲದ ಕಥೆಯನ್ನು ಒಂದಾಗಿ ಹೇಳುವ ಲೋಕಚರಿತ್ರೆಯನ್ನು ಬರೆದರು. 1920ರಲ್ಲಿ ಪುಸ್ತಕರೂಪದಲ್ಲಿ ಬಂದ ಆ ಗ್ರಂಥವನ್ನು ಲಕ್ಷಾಂತರ ಜನ ಓದಿದರು. 1934ರಲ್ಲಿ ಪ್ರಕಟಿಸಿದ ಆತ್ಮಕಥೆಯಲ್ಲಿ ಮಾರ್ಟಿನ್ ಗುಡ್ಡದ ಕಲ್ಪನೆಯ ಯುದ್ಧಗಳನ್ನು ನೆನೆದು, ಹದಿಮೂರರ ಹುಡುಗನಾಗಿದ್ದಾಗ ತಮ್ಮಲ್ಲಿದ್ದ ಆ ಮನಸ್ಸೇ ಹಿಟ್ಲರನಲ್ಲಿ ಬೆಳೆಯದೆ ಉಳಿದಿದೆಯೆಂದು ಗುರುತಿಸಿದರು. ರಾಷ್ಟ್ರಗಳನ್ನು ಆಳುವ ಇನ್ನೂ ಕೆಲವರು ಆ ವಯಸ್ಸಿನ ಹಗಲುಗನಸನ್ನು ದಾಟಿಲ್ಲವೆಂಬುದು ಅವರ ಆತಂಕವಾಗಿತ್ತು. ಹುಡುಗನ ಕೈಯಲ್ಲಿದ್ದುದು ಬರಿಯ ಕಲ್ಪನೆ. ಆಳುವವರ ಕೈಯಲ್ಲಿರುವುದು ಜೀವಂತ ಮನುಷ್ಯರು.

ಎರಡನೆಯ ಮಹಾಯುದ್ಧದಲ್ಲಿ ಲಂಡನ್ನಿನ ಮೇಲೆ ಬಾಂಬುಗಳು ಸುರಿದಾಗಲೂ ವೃದ್ಧ ವೆಲ್ಸರು ನಗರವನ್ನು ಬಿಡದೆ ರೀಜೆಂಟ್ಸ್ ಪಾರ್ಕಿನ ಬಳಿಯ ತಮ್ಮ ಮನೆಯಲ್ಲೇ ಉಳಿದರು. 1940ರಲ್ಲಿ ಅವರು ಮಾನವನ ಹಕ್ಕುಗಳನ್ನು ಕುರಿತು ಒಂದು ಪುಸ್ತಕವನ್ನು ಬರೆದು, ಎಲ್ಲ ದೇಶಗಳ ಎಲ್ಲ ಜನರಿಗೂ ಸಲ್ಲಬೇಕಾದ ಹಕ್ಕುಗಳ ಪಟ್ಟಿಯೊಂದನ್ನು ಲೋಕದ ಮುಂದಿಟ್ಟರು. ಅದರ ಬಗೆಗೆ ಹಲವು ದೇಶಗಳಲ್ಲಿ ಚರ್ಚೆ ನಡೆಯಿತು. ವಿಶ್ವಸಂಸ್ಥೆಯು 1948ರ ಡಿಸೆಂಬರ್ 10ರಂದು ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸುವುದಕ್ಕೆ ನೆಲವನ್ನು ಹದಗೊಳಿಸಿದ ಪ್ರಯತ್ನಗಳಲ್ಲಿ ಇದೂ ಒಂದು.

ವಿಧಿಯ ಇನ್ನೊಂದು ವಿಪರ್ಯಾಸವನ್ನೂ ಅವರು ನೋಡಬೇಕಾಯಿತು. 1914ರಲ್ಲಿ ಪ್ರಕಟವಾದ ಒಂದು ಕಾದಂಬರಿಯಲ್ಲಿ ವೆಲ್ಸರು ಪರಮಾಣುವಿನ ಶಕ್ತಿಯಿಂದ ಸಿಡಿಯುವ ಬಾಂಬನ್ನು ಕಲ್ಪಿಸಿದ್ದರು. ಹಂಗೆರಿಯ ಭೌತವಿಜ್ಞಾನಿ ಲಿಯೋ ಸಿಲಾರ್ಡ್ 1932ರಲ್ಲಿ ಆ ಕಾದಂಬರಿಯನ್ನು ಓದಿದರು. ಮರುವರ್ಷ ಅವರಿಗೆ ಪರಮಾಣು ಸರಪಳಿ ಕ್ರಿಯೆಯ ಯೋಚನೆ ಹೊಳೆಯಿತು. 1945ರ ಆಗಸ್ಟ್ 6ರಂದು ಹಿರೋಷಿಮಾ ನಗರವು ಬೂದಿಯಾಯಿತು. ಎಚ್ಚರಿಕೆಗೆಂದು ಬರೆದ ಕಲ್ಪನೆ ಕಣ್ಣೆದುರಿನಲ್ಲೇ ಸತ್ಯವಾಯಿತು. ಅದಾದ ಒಂದು ವರ್ಷಕ್ಕೆ, 1946ರ ಆಗಸ್ಟ್ 13ರಂದು, ವೆಲ್ಸರು ತಮ್ಮ ಎಪ್ಪತ್ತೊಂಬತ್ತನೆಯ ವಯಸ್ಸಿನಲ್ಲಿ ಲಂಡನ್ನಿನ ಮನೆಯಲ್ಲಿ ನಿಧನರಾದರು. ಅವರ ಚಿತಾಭಸ್ಮವನ್ನು ಇಂಗ್ಲೆಂಡಿನ ದಕ್ಷಿಣದ ಕಡಲಿನಲ್ಲಿ ವಿಸರ್ಜಿಸಲಾಯಿತು. ನೆಲದ ಮೇಲೆ ತಂದೆಯೊಡನೆ ಆಡಿ ಬೆಳೆದ ಹಿರಿಯ ಮಗ ಮುಂದೆ ಪ್ರಾಣಿವಿಜ್ಞಾನಿಯಾಗಿ, ತಂದೆಯೊಡಗೂಡಿ ಜೀವವಿಜ್ಞಾನದ ಒಂದು ಬೃಹದ್ಗ್ರಂಥವನ್ನು ರಚಿಸಿದ್ದರು.

'ಲಿಟಲ್ ವಾರ್ಸ್' ಬಿತ್ತಿದ ಬೀಜ ಮಾತ್ರ ಒಣಗಲಿಲ್ಲ. 1950 ಮತ್ತು 1960ರ ದಶಕಗಳಲ್ಲಿ ಇಂಗ್ಲೆಂಡ್ ಹಾಗೂ ಅಮೆರಿಕಗಳಲ್ಲಿ ಬೊಂಬೆ ಸಿಪಾಯಿಗಳ ಯುದ್ಧಕ್ರೀಡೆ ದೊಡ್ಡವರ ಹವ್ಯಾಸವಾಗಿ ಬೆಳೆಯಿತು. ನೆಲದ ಮೇಲಿದ್ದ ಆಟ ಮೇಜಿನ ಮೇಲಕ್ಕೆ ಏರಿತು. ಸೀಸ ವಿಷಕಾರಿಯೆಂದು ತಿಳಿದುದರಿಂದ ಮಕ್ಕಳ ಬೊಂಬೆಗಳಿಗೆ ಪ್ಲಾಸ್ಟಿಕ್ ಬಂದಿತು. ಹವ್ಯಾಸಿಗಳು ಬಣ್ಣವಿಲ್ಲದ ಬೊಂಬೆಗಳನ್ನು ಕೊಂಡು ತಾವೇ ಬಣ್ಣ ಹಚ್ಚುವುದು ವಾಡಿಕೆಯಾಯಿತು. ಬೊಂಬೆಯ ಮೈಮೇಲೆ ಉಳಿದ ಅಚ್ಚಿನ ಗೆರೆಯನ್ನು ಮೊದಲು ಅರದಿಂದ ಉಜ್ಜಿ ತೆಗೆಯಬೇಕು. ಆಮೇಲೆ ತಳಬಣ್ಣ, ಅದು ಒಣಗಿದ ಮೇಲೆ ಉಡುಪಿನ ಬಣ್ಣಗಳು. ಪುಟ್ಟ ಬೊಂಬೆಯ ಮಡಿಕೆಗಳಲ್ಲಿ ಬೆಳಕು ಸಾಕಷ್ಟು ನೆರಳನ್ನು ಮೂಡಿಸಲಾರದಾದ್ದರಿಂದ ನೆರಳನ್ನೂ ಕುಂಚವೇ ಬರೆಯಬೇಕು. ತಗ್ಗುಗಳಿಗೆ ತೆಳುವಾದ ಕಪ್ಪು ಛಾಯೆಯನ್ನು ಹರಿಸಿ, ಉಬ್ಬುಗಳಿಗೆ ತಿಳಿಬಣ್ಣವನ್ನು ಸವರುತ್ತಾರೆ.

ಈ ಕೆಲಸಕ್ಕೆ ಕೈಯ ನಿಪುಣತೆಯಷ್ಟೇ ಚರಿತ್ರೆಯ ಜ್ಞಾನವೂ ಬೇಕು. 1815ರ ವಾಟರ್ಲೂ ಯುದ್ಧದ ಬ್ರಿಟಿಷ್ ಪದಾತಿಗೆ ಕೆಂಪಂಗಿ ಹಚ್ಚಿದರೆ ಸಾಲದು. ಅವನ ಕಾಲರು ಮತ್ತು ತೋಳಿನ ಅಂಚು ಯಾವ ಬಣ್ಣವೆಂಬುದು ಅವನ ದಳದಿಂದ ನಿಶ್ಚಯವಾಗುತ್ತದೆ. ಫ್ರೆಂಚರಿಗೆ ನೀಲಿ ಅಂಗಿ, ಬ್ರಿಟಿಷರ ಬಂದೂಕುಗಾರರ 95ನೆಯ ದಳಕ್ಕೆ ಹಸಿರು. ಶ್ರೀರಂಗಪಟ್ಟಣದ ಯುದ್ಧವನ್ನು ಮೇಜಿನ ಮೇಲೆ ಹೂಡಬಯಸುವವನು ಟಿಪ್ಪು ಸುಲ್ತಾನನ ಸಿಪಾಯಿಗಳ ಅಂಗಿಯ ಮೇಲೆ ಹುಲಿಪಟ್ಟೆಗಳನ್ನು ಒಂದೊಂದಾಗಿ ಬಿಡಿಸಬೇಕಾಗುತ್ತದೆ. ಚರಿತ್ರೆಯ ಪುಟಗಳಲ್ಲಿ ಸಾವಿರ, ಹತ್ತು ಸಾವಿರ ಎಂಬ ಅಂಕಿಗಳಾಗಿ ಮಾತ್ರ ಕಾಣುವ ಸೈನಿಕರು ಕುಂಚ ಹಿಡಿದವನ ಕೈಯಲ್ಲಿ ಒಬ್ಬೊಬ್ಬರಾಗಿ ಮುಖವನ್ನು ಪಡೆಯುತ್ತಾರೆ. ಒಬ್ಬ ಬೊಂಬೆ ಸಿಪಾಯಿಯನ್ನು ಸಿದ್ಧಪಡಿಸಲು ಗಂಟೆಗಟ್ಟಲೆ ಶ್ರಮಿಸಿದವನಿಗೆ, ಒಬ್ಬ ನಿಜವಾದ ಸೈನಿಕನನ್ನು ಹೆತ್ತು ಸಾಕಿ ಬೆಳೆಸಲು ಒಂದು ಮನೆಗೆ ಎಷ್ಟು ವರ್ಷಗಳು ಬೇಕಾದುವೆಂಬುದು ಹೊಳೆಯದೆ ಇರದು.

ವೆಲ್ಸರ ಜೀವನದಲ್ಲಿ ದೋಷಗಳಿಲ್ಲವೆಂದಲ್ಲ. ಕಿರುಯುದ್ಧದಲ್ಲಿ ಕಂಡ ಸತ್ಯವನ್ನು ಮಹಾಯುದ್ಧದ ಆವೇಶದಲ್ಲಿ ಅವರೂ ಮರೆತರು. ಆದರೆ ಮರೆತುದನ್ನು ಮತ್ತೆ ನೆನೆದು, ತಮ್ಮೊಳಗಿನ ಯುದ್ಧಪ್ರಿಯ ಬಾಲಕನನ್ನು ತಾವೇ ಲೋಕದ ಮುಂದೆ ನಿಲ್ಲಿಸಿ ಪರೀಕ್ಷಿಸುವ ಧೈರ್ಯ ಅವರಲ್ಲಿತ್ತು. ಹುಡುಗನೊಬ್ಬನು ಸಿಪಾಯಿ ಬೊಂಬೆಗಳೊಡನೆ ಆಡುವುದರಿಂದ ಕೇಡಿಲ್ಲ. ಬೊಂಬೆಗೂ ಮನುಷ್ಯನಿಗೂ ಇರುವ ಭೇದವನ್ನು ಅವನು ಬೆಳೆಯುತ್ತ ಅರಿತುಕೊಳ್ಳಬೇಕು. ಆ ಭೇದವನ್ನು ಅರಿಯದವರ ಕೈಗೆ ಅಧಿಕಾರ ಸೇರಿದಾಗ ಏನಾಗುವುದೆಂಬುದನ್ನು ಇಪ್ಪತ್ತನೆಯ ಶತಮಾನದ ಎರಡು ಮಹಾಯುದ್ಧಗಳು ತೋರಿಸಿವೆ.